ಯಾವ ಬಸ್ಸಿನಲ್ಲಿ ಬಂದದ್ದು?

ಪಕ್ಕದ ಮನೆಗೆ ಮೊನ್ನೆ ಹೊಸ ವಾಷಿಂಗ್ ಮೆಷಿನ್ ಬಂತು. ಪೆಟ್ಟಿಗೆ ಬಿಚ್ಚುವಾಗ ನಾನೂ ಹೋಗಿ ನಿಂತೆ. ಯಾರೂ ಕರೆದದ್ದಲ್ಲ, ಎಲ್ಲಿ ಯಾವ ಪೆಟ್ಟಿಗೆ ಬಿಚ್ಚಿದರೂ ಹೋಗಿ ಇಣುಕುವುದು ನನ್ನ ಹಳೆಯ ಚಾಳಿ. ಥರ್ಮಾಕೋಲು ಕಿರ್ರೆಂದು ಹೊರಗೆ ಬಂದದ್ದೇ ತಡ, ಆ ವಾಸನೆ ಉಂಟಲ್ಲ, ಹೊಸ ಪ್ಲಾಸ್ಟಿಕ್ಕು, ರಟ್ಟು, ಜೊತೆಗೆ ಏನೋ ಒಂದು ಘಾಟು, ಅದು ಮೂಗಿಗೆ ಹೊಡೆಯಿತು. ಮತ್ತೆ ಅಲ್ಲಿ ನಿಲ್ಲಲು ಆಗಲಿಲ್ಲ. "ಚಾ ಕುಡಿದು ಹೋಗಿ ಮಾರಾಯ್ರೆ" ಎಂದು ಅವರು ಕೂಗುತ್ತಿದ್ದ ಹಾಗೆಯೇ ಮನೆಗೆ ಬಂದೆ. ಬಂದು ಕೂತೆ. ಎದ್ದೆ. ಫ್ಯಾನು ಹಾಕಿದೆ, ಆರಿಸಿದೆ. "ನಿಮಗೆ ಎಂತ ಆಯ್ತು? ಇರುವೆ ಕಚ್ಚಿದವರ ಹಾಗೆ ಮಾಡ್ತೀರಲ್ಲ" ಎಂದು ಹೆಂಡತಿ ಕೇಳಿದಳು. ಏನೂ ಇಲ್ಲ ಎಂದೆ.

ಏನೂ ಇಲ್ಲ ಎಂಬುದು ಸುಳ್ಳು. ಅದಕ್ಕೆ ನಾಲ್ಕು ದಿನ ಮೊದಲು ಮೂಡುಬಿದಿರೆಯಿಂದ ವಿದ್ಯಾ ಫೋನು ಮಾಡಿದ್ದಳು. ವಿದ್ಯಾ ಎಂದರೆ ನನ್ನ ತಂಗಿಯ ಮಗಳು, ಅಲ್ಲಿನ ಒಂದು ಆಫೀಸಿನಲ್ಲಿ ಮ್ಯಾನೇಜರು. "ಮಾವ, ಶನಿವಾರ ನಮ್ಮ ಸ್ಟಾಫಿಗೆ ಒಂದು ತರಬೇತಿ ಉಂಟು. ಇನ್ನು ಮೇಲೆ ಕೆಲಸ ಪೂರಾ ಮೊಬೈಲಿನಲ್ಲಿ. ಕೆಲವರು ಕಲಿಯುದೇ ಇಲ್ಲ ಅಂತ ಹಟ ಹಿಡಿದು ಕೂತಿದ್ದಾರೆ. ನೀವು ಆಸ್ಪತ್ರೆಗೆ ಕಂಪ್ಯೂಟರ್ ತಂದ ಕತೆ ಹೇಳ್ತಿದ್ದಿರಲ್ಲ, ಬಸ್ಸಿನ ಕತೆ, ಅದನ್ನು ಬಂದು ಹತ್ತು ನಿಮಿಷ ಹೇಳಿ" ಎಂದಳು. ನಾನು ಉಬ್ಬಿ ಹೋದೆ. ನಿವೃತ್ತನಾದವನನ್ನು ಮಾತಾಡಲು ಕರೆಯುವುದೆಂದರೆ ಅದೇನು ಸಣ್ಣ ಸಂಗತಿಯೇ? ಒಪ್ಪಿದೆ. ಫೋನು ಇಟ್ಟ ಮೇಲೆ ಮಾತ್ರ, ಯಾಕಾದರೂ ಒಪ್ಪಿದೆನೋ ಎನಿಸಿತು.

ಯಾಕೆಂದರೆ ಆ ಬಸ್ಸಿನ ಕತೆಯನ್ನು ನಾನು ಊರೆಲ್ಲ ಹೇಳಿದವನು. ಮದುವೆ ಊಟದ ಪಂಕ್ತಿಯಲ್ಲಿ, ಸಂಘದ ವಾರ್ಷಿಕೋತ್ಸವದಲ್ಲಿ, ಒಮ್ಮೆ ಬೆಳ್ತಂಗಡಿಯಲ್ಲಿ ಮೈಕಿನ ಎದುರು ಇಪ್ಪತ್ತೈದು ನಿಮಿಷ. ಹೇಳಿ ಹೇಳಿ ಅದು ನುಣ್ಣಗಾಗಿದೆ. ಎಲ್ಲಿ ಜನ ನಗುತ್ತಾರೆ, ಎಲ್ಲಿ ನಾನು ನೀರು ಕುಡಿಯಬೇಕು, ಎಲ್ಲ ಬಾಯಿಪಾಠ. ಆದರೆ ಒಂದು ತುಂಡನ್ನು ಮಾತ್ರ ಪ್ರತಿ ಸಲವೂ ಬಿಟ್ಟುಬಿಡುತ್ತೇನೆ. ವಿದ್ಯಾಳ ಎದುರು ಅದನ್ನು ಹೇಳುವುದೋ ಬೇಡವೋ? ಮೊದಲು ನಿಮಗೆ ಹೇಳಿ ನೋಡುತ್ತೇನೆ. ನೀವು ಬೈದರೂ ನನಗೆ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಬಂಟ್ವಾಳದಲ್ಲಿ ಬಸ್ ಸ್ಟಾಪಿನ ಎದುರಿಗೇ ಇದ್ದ ಒಂದು ಖಾಸಗಿ ಆಸ್ಪತ್ರೆಗೆ ನಾನು ಮ್ಯಾನೇಜರು. ಅದರ ಹೆಸರು ಬೇಡ; ಈಗ ಅದು ಇಲ್ಲ. ಆಸ್ಪತ್ರೆಯ ಯಜಮಾನರನ್ನು ನಾವೆಲ್ಲ ದೊಡ್ಡ ಡಾಕ್ಟ್ರು ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಕೈಗುಣ ಚೆನ್ನಾಗಿತ್ತು, ಆದರೆ ಸಿಟ್ಟು ಮೂಗಿನ ತುದಿಯಲ್ಲೇ. ನಾನು ಗಡಿಬಿಡಿಯವನು. ಒಂದು ಕಡೆ ಐದು ನಿಮಿಷ ಕೂತವನಲ್ಲ. ನರ್ಸುಗಳು ನನಗೆ ಇಟ್ಟ ಹೆಸರು 'ಎಕ್ಸ್‌ಪ್ರೆಸ್ಸು'. ನನಗೆ ಗೊತ್ತಿಲ್ಲವೆಂದು ಅವರು ತಿಳಿದಿದ್ದರು.

ಒಂದು ದಿನ ದೊಡ್ಡ ಡಾಕ್ಟ್ರು ಮೂರು ಕಂಪ್ಯೂಟರು ತರಿಸಿದರು. "ಮೂರು ತಿಂಗಳಲ್ಲಿ ರೋಗಿಗಳ ದಾಖಲೆ ಎಲ್ಲ ಇದರಲ್ಲಿ ಇರಬೇಕು. ನಮ್ಮ ಜನ ಎಲ್ಲ ಕಲಿಯಲಿ. ಕಲಿಯದಿದ್ದವರ ವಿಷಯ ಮತ್ತೆ ನೋಡುವ" ಎಂದರು. ಆ 'ಮತ್ತೆ ನೋಡುವ' ಎಂಬುದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಪೆಟ್ಟಿಗೆ ಬಿಚ್ಚಿದವನು ನಾನೇ. ಥರ್ಮಾಕೋಲು ಎತ್ತಿ, ಪ್ಲಾಸ್ಟಿಕ್ಕು ಸುಲಿದು, ಟಿ.ವಿ.ಯಂತಹ ಆ ದೊಡ್ಡ ಡಬ್ಬಿಯನ್ನು ಮೇಜಿನ ಮೇಲಿಟ್ಟಾಗ ಎದೆ ಉಬ್ಬಿತ್ತು. ಮೊದಲು ಮಾಡಿದ ಕೆಲಸ ಏನು ಗೊತ್ತುಂಟಾ? ಗೋಡೆಗೆ ಒಂದು ನೋಟೀಸು ಅಂಟಿಸಿದ್ದು. ಚಪ್ಪಲಿ ಹೊರಗೆ ಬಿಡಬೇಕು, ಅನುಮತಿ ಇಲ್ಲದೆ ಮುಟ್ಟಬಾರದು, ಹಾಳು ಮಾಡಿದವರೇ ಜವಾಬ್ದಾರರು. ಕೋಣೆಗೆ ಬೀಗ. ಕೀ ನನ್ನ ಕಿಸೆಯಲ್ಲಿ.

ಕಲಿಸಲಿಕ್ಕೆ ಶಿರ್ತಾಡಿಯಿಂದ ಶಾಲಿನಿ ಟೀಚರ್ ಬರುತ್ತಿದ್ದರು. ಮೂಡುಬಿದಿರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಮಾಡುತ್ತಿದ್ದವರು, ಎರಡು ಬಸ್ಸು ಬದಲಿಸಿ ಸಿದ್ಧಕಟ್ಟೆ ದಾರಿಯಾಗಿ ಬರುವವರು. ಮಧ್ಯಾಹ್ನ ಒಂದೂವರೆಯಿಂದ ಎರಡೂವರೆ, ಹೊರರೋಗಿಗಳು ಕಡಿಮೆ ಇರುವ ಹೊತ್ತಿಗೆ ಕ್ಲಾಸು. ನಮ್ಮವರೆಲ್ಲ ಸ್ನಾನ ಮಾಡಿ ದೇವಸ್ಥಾನಕ್ಕೆ ಬಂದವರ ಹಾಗೆ ಬರಿಗಾಲಿನಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಕೈಯಲ್ಲಿ ಇನ್ನೂರು ಪುಟದ ನೋಟ್ಸು ಪುಸ್ತಕ. ಮೌಸ್ ಎಂದರೇನು, ಅದರ ಉಪಯೋಗಗಳು ಯಾವುವು, ಎಂದು ಬರೆದುಕೊಂಡು ಬಾಯಿಪಾಠ ಮಾಡಿದರು. ಎರಡು ವಾರ ಕಳೆದ ಮೇಲೆ ಟೀಚರ್ ಪ್ರಶ್ನೆ ಕೇಳಿದರೆ ಎಲ್ಲರೂ ಉತ್ತರ ಹೇಳುತ್ತಿದ್ದರು. ಮೌಸನ್ನು ಮಾತ್ರ ಒಬ್ಬರೂ ಮುಟ್ಟಲಿಲ್ಲ. ನೋಟೀಸು ಅಲ್ಲೇ ಗೋಡೆಯ ಮೇಲಿತ್ತಲ್ಲ!

ಇನ್ನು ನಾನು. ಕೀ ಕಿಸೆಯಲ್ಲಿ ಇಟ್ಟುಕೊಂಡದ್ದು ಬರೀ ಕಂಪ್ಯೂಟರಿನ ರಕ್ಷಣೆಗೆ ಎಂದು ಭಾಷಣಗಳಲ್ಲಿ ಹೇಳಿದ್ದೇನೆ. ನಿಜ ಬೇರೆ. ನನಗೂ ಬರುತ್ತಿರಲಿಲ್ಲ, ಮಾರಾಯ್ರೆ! ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಕೂತು, ಎರಡು ಸಲ ಬೇಗ ಬೇಗ ಒತ್ತಬೇಕಾದಲ್ಲಿ ನಾಲ್ಕು ಸಲ ಒತ್ತಿ, ಏನೇನೋ ತೆರೆದು, ಮುಚ್ಚಲು ಬಾರದೆ ಬೆವರುತ್ತಿದ್ದೆ. ಕೊನೆಗೆ ಕಲಿತದ್ದು ಇಸ್ಪೀಟು ಆಟ ಒಂದನ್ನೇ. ಯಾರಾದರೂ ಬಾಗಿಲು ತಟ್ಟಿದರೆ ಪರದೆಯ ಸ್ವಿಚ್ಚನ್ನೇ ಆರಿಸಿಬಿಡುವುದು. "ಸಾರ್ ಒಳಗೆ ದೊಡ್ಡ ಕೆಲಸ ಮಾಡ್ತಿದ್ದಾರೆ" ಎಂದು ಹೊರಗೆ ಪಿಸುಗುಡುತ್ತಿದ್ದರು. ಮ್ಯಾನೇಜರನಿಗೇ ಬರುವುದಿಲ್ಲ ಎಂದು ಗೊತ್ತಾದರೆ ಮರ್ಯಾದೆ ಎಲ್ಲಿ ಉಳಿಯಬೇಕು? ಹಾಗಾಗಿ ಬೀಗ.

ಕ್ಲಾಸಿಗೆ ಬಾರದೆ ಇದ್ದವರು ಒಬ್ಬರೇ. ರೆಕಾರ್ಡ್ ರೂಮಿನ ಮೈಮುನಕ್ಕ.

ಅವರನ್ನು ನಿಮಗೆ ಸರಿಯಾಗಿ ಪರಿಚಯ ಮಾಡಿಸಬೇಕು. ಬಂಟ್ವಾಳದವರೇ, ಬ್ಯಾರಿ ಮುಸಲ್ಮಾನರ ಮನೆತನ. ಏಳನೆಯ ಕ್ಲಾಸಿನವರೆಗೆ ಓದಿದವರು. ಹೆಂಗಸು ಆಸ್ಪತ್ರೆಯಲ್ಲಿ ಕೆಲಸಕ್ಕೆ ಹೋಗುವುದೇ ಎಂದು ಮನೆಯಲ್ಲಿ ಮುಖ ಸಿಂಡರಿಸಿದ ಕಾಲದಲ್ಲಿ ಹಟ ಮಾಡಿ ಬಂದು ಸೇರಿದ್ದರಂತೆ. ನಾನು ಸೇರುವ ಹೊತ್ತಿಗೆ ಅವರಿಗೆ ಅಲ್ಲಿ ಹತ್ತು ವರ್ಷ ದಾಟಿತ್ತು. ಮೆಟ್ಟಿಲ ಕೆಳಗಿನ ಉದ್ದ ಕೋಣೆ, ಗೋಡೆ ತುಂಬ ಮರದ ಕಪಾಟು, ಕಪಾಟು ತುಂಬ ಫೈಲು, ನಡುವೆ ಒಂದು ಕುರ್ಚಿ. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತ ಅವರು ಕಿಟಕಿಯಿಂದ ರಸ್ತೆಯನ್ನೇ ನೋಡುತ್ತಿದ್ದರು. ಕೆಲಸ ಬಿಟ್ಟು ರಸ್ತೆ ನೋಡುತ್ತಾರೆ ಎಂದು ನಾನು ಮೊದಮೊದಲು ಗೊಣಗಿದ್ದೂ ಉಂಟು.

ರೋಗಿಗಳಿಗೆ ನಾವು ನಂಬರು ಬರೆದ ಚೀಟಿ ಕೊಡುತ್ತಿದ್ದೆವು. ಅದನ್ನು ಮುಂದಿನ ಸಲ ತಂದವರನ್ನು ನಾನು ಕಂಡದ್ದು ಅಪರೂಪ. ಕೇಳಿದರೆ, "ಮನೆಯಲ್ಲಿ ಭದ್ರವಾಗಿ ಉಂಟು" ಎನ್ನುತ್ತಾರೆ. ಹೆಸರು ಕೇಳಿದರೆ ಲೀಲಾವತಿ. ನಮ್ಮಲ್ಲಿ ಎಷ್ಟು ಲೀಲಾವತಿಯರು, ಎಷ್ಟು ಅಬ್ದುಲ್ ರಹಿಮಾನರು, ದೇವರೇ ಬಲ್ಲ. ಯಾವಾಗ ಬಂದದ್ದು ಎಂದರೆ, "ಅದೇ, ಕಾಲು ಊದಿದ್ದಾಗ." ಮೈಮುನಕ್ಕ ಇದೆಲ್ಲ ಕೇಳುತ್ತಲೇ ಇರಲಿಲ್ಲ. ಅವರದ್ದು ಒಂದೇ ಪ್ರಶ್ನೆ. "ಯಾವ ಬಸ್ಸಿನಲ್ಲಿ ಬಂದದ್ದು?" ನಮ್ಮ ಜನ ಮಗುವಿನ ಹುಟ್ಟಿದ ದಿನ ಮರೆತಾರು, ಬಸ್ಸು ಮರೆಯುವುದಿಲ್ಲ. ಮೈಮುನಕ್ಕ ತಮ್ಮ ಕಪಾಟನ್ನು ನಂಬರಿನಂತೆ ಜೋಡಿಸಿರಲಿಲ್ಲ, ಬಸ್ಸಿನಂತೆ ಜೋಡಿಸಿದ್ದರು. ಸಿದ್ಧಕಟ್ಟೆ ಬಸ್ಸಿನವರದ್ದು ಒಂದು ಕಪಾಟು, ಪುಂಜಾಲಕಟ್ಟೆ ಕಡೆಯಿಂದ ಬೆಳ್ತಂಗಡಿ ಬಸ್ಸಿನಲ್ಲಿ ಬರುವವರದ್ದು ಇನ್ನೊಂದು, ಧರ್ಮಸ್ಥಳ ಬಸ್ಸಿನಿಂದ ನಡುವೆ ಇಳಿಯುವ ಪರವೂರಿನವರಿಗೆ ಕೆಳಗಿನ ಸಾಲು. ಒಂದೊಂದರ ಒಳಗೆ ಊರು, ಊರಿನ ಒಳಗೆ ಮನೆಯ ಹೆಸರು. ಬೆಳಿಗ್ಗೆ ಎಂಟೂಕಾಲಿಗೆ ಸಿದ್ಧಕಟ್ಟೆಯ ಬಸ್ಸು ಬಂದು ನಿಂತರೆ ಕಂಡಕ್ಟರು ಬಾಗಿಲಿನಿಂದಲೇ ಕೂಗುವುದು: "ಮೈಮುನಕ್ಕಾ, ಇವತ್ತು ಆರು ಜನ! ಸೊಂಟನೋವಿನ ಅಜ್ಜಿಯೂ ಉಂಟು!" ಆ ಆರು ಜನ ರಸ್ತೆ ದಾಟಿ, ಚಪ್ಪಲಿ ಬಿಟ್ಟು, ಕೌಂಟರಿಗೆ ಬರುವಷ್ಟರಲ್ಲಿ ಅವರ ಫೈಲು ಮೇಜಿನ ಮೇಲೆ. ಅವರು ರಸ್ತೆ ನೋಡುತ್ತಿದ್ದದ್ದು ಅದಕ್ಕೆ.

ಇಂಥದ್ದೊಂದು ಏರ್ಪಾಡು ಅಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ ಎಂದರೆ ನಂಬುತ್ತೀರಾ? ಫೈಲು ಸಿಗುತ್ತಿತ್ತು. ಸಿಗುವ ವಸ್ತುವಿನ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ!

ಒಂದು ತಿಂಗಳಾದಾಗ ದೊಡ್ಡ ಡಾಕ್ಟ್ರು ವರದಿ ಕೇಳಿದರು, ಯಾರು ಎಷ್ಟು ಕಲಿತರು ಎಂದು. ನಾನು ಕಾಲಂ ಎಳೆದು ಬರೆದೆ. ಎಲ್ಲರ ಎದುರು 'ಪ್ರಗತಿ ಉತ್ತಮ'. ಮೌಸು ಮುಟ್ಟದವರಿಗೂ ಉತ್ತಮ! ಮೈಮುನಕ್ಕನ ಹೆಸರಿನ ಎದುರು ಹಾಜರಾತಿ ಸೊನ್ನೆ. ಯಾಕೆ ಬರುವುದಿಲ್ಲ ಎಂದು ಕೇಳಲು ಮೆಟ್ಟಿಲ ಕೆಳಗೆ ಇಳಿದರೆ ಸಾಕಿತ್ತು, ಹತ್ತು ಹೆಜ್ಜೆ. ನನಗೆ ಪುರುಸೊತ್ತಿರಲಿಲ್ಲ. ಕೊನೆಯ ಕಾಲಮಿನಲ್ಲಿ ಇಂಗ್ಲಿಷಿನಲ್ಲಿ ಎರಡೇ ಶಬ್ದ ಬರೆದೆ. 'ನಾಟ್ ಇಂಟರೆಸ್ಟೆಡ್.' ಕೆಳಗೆ ಉದ್ದಕ್ಕೆ ನನ್ನ ಸಹಿ. ಇದೇ ನೋಡಿ, ನಾನು ಎಲ್ಲಿಯೂ ಹೇಳದ ತುಂಡು. ಇದರ ಬಾಲ ಇನ್ನೂ ಉದ್ದ ಉಂಟು.

ಆಮೇಲೆ ನನ್ನ ಮಹಾಕಾರ್ಯ. ಕಂಪ್ಯೂಟರಿನಲ್ಲಿ ನಂಬರು, ಕಪಾಟಿನಲ್ಲಿ ನೋಡಿದರೆ ನಂಬರಿನ ಕ್ರಮವೇ ಇಲ್ಲ, ಇದು ಹೇಗೆ ಹೊಂದುತ್ತದೆ? ಒಂದು ಭಾನುವಾರ ವಾರ್ಡಿನ ಕೆಲಸದ ನಾಲ್ಕು ಜನರನ್ನು ಹಾಕಿ, ಇಡೀ ಕೋಣೆಯ ಫೈಲು ಕೆಳಗೆ ಇಳಿಸಿ, ನಂಬರಿನ ಪ್ರಕಾರ ಜೋಡಿಸಿಬಿಟ್ಟೆ. ಮೈಮುನಕ್ಕನಿಗೆ ಭಾನುವಾರ ರಜೆ. ಹೇಳಿ ಕಳಿಸಲಿಲ್ಲ. ಸೋಮವಾರ ಬಂದು ನೋಡಿ ಖುಷಿಪಡಲಿ ಎಂದು ನಿಜವಾಗಿಯೂ ಅಂದುಕೊಂಡಿದ್ದೆ. ಬೆಪ್ಪು ಎಂದರೆ ನಾನೇ.

ಸೋಮವಾರ ಎಂದರೆ ಆಸ್ಪತ್ರೆಗೆ ಸಂತೆ. ಎಂಟೂಕಾಲಿಗೆ ಬಸ್ಸು ಬಂತು, ಕಂಡಕ್ಟರು ಕೂಗಿದ, ಮೈಮುನಕ್ಕ ಎದ್ದು ಕಪಾಟಿಗೆ ಕೈ ಹಾಕಿದರು. ಕೈ ಅಲ್ಲಿಯೇ ನಿಂತಿತು. ನಾನು ಹಿಂದೆ ನಿಂತು ನಗುತ್ತಿದ್ದೆ. "ಎಲ್ಲ ನಂಬರಿನ ಹಾಗೆ ಮಾಡಿದ್ದೇನೆ ಮೈಮುನಕ್ಕ, ಇನ್ನು ನಿಮಗೆ ಸುಲಭ" ಎಂದೆ. ಅವರು ತಿರುಗಿ ನನ್ನ ಮುಖ ನೋಡಿದರು. "ಎಂಚಿನ ಸಾವು ಮಾರಾಯ್ರೆ ಇದು" ಎಂದದ್ದು ಅಷ್ಟೇ, ಅದೂ ಮೆಲ್ಲಗೆ. ನಮ್ಮಲ್ಲಿ ಮಾತೆಲ್ಲ ತುಳುವಿನಲ್ಲೇ. ಅದೊಂದನ್ನು 'ಏನು ಕರ್ಮ ಇದು' ಎಂದು ಕನ್ನಡಕ್ಕೆ ತಂದರೆ ಅದರ ಖಾರ ಹೋಗುತ್ತದೆ, ಹಾಗೇ ಬಿಟ್ಟಿದ್ದೇನೆ.

ಒಂಬತ್ತೂವರೆಗೆ ವರಾಂಡ ತುಂಬಿತು. ಹತ್ತೂವರೆಗೆ ಮೆಟ್ಟಿಲೂ ತುಂಬಿತು. ಟೀಚರ್ ರಿಜಿಸ್ಟರು ನೋಡಿ ಹೆಸರು ತುಂಬಿಸಿಟ್ಟಿದ್ದ ಕಂಪ್ಯೂಟರಿನಲ್ಲಿ ಲೀಲಾವತಿ ಎಂದು ಹುಡುಕಿದರೆ ಪರದೆ ತುಂಬ ಲೀಲಾವತಿಯರು. ಯಾರ ಕೈಯಲ್ಲೂ ನಂಬರಿಲ್ಲ. ಕೀ ಹಾಕಿ ತೆರೆದ ಕೋಣೆಯಲ್ಲಿ ನಾನೇ ಕೂತಿದ್ದೆ. ಒಮ್ಮೆ ಏನೋ ಒತ್ತಿ ಇಸ್ಪೀಟು ಬಂತು. ದೊಡ್ಡ ಡಾಕ್ಟ್ರು ಹಳೆಯ ರೋಗಿಗಳನ್ನೆಲ್ಲ ಹೊಸಬರ ಹಾಗೆ ಮೊದಲಿನಿಂದ ಪ್ರಶ್ನೆ ಕೇಳಿ ಕೇಳಿ ಕೆಂಪಾದರು. ಹನ್ನೆರಡಕ್ಕೆ ನನ್ನನ್ನು ಕರೆದರು.

"ಇದೇನಿದು? ಇಷ್ಟು ವರ್ಷ ಇಲ್ಲದ್ದು ಇವತ್ತು ಯಾಕೆ? ಯಾರ ತಪ್ಪು?"

ನಾನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ರೆಕಾರ್ಡ್ ರೂಮಿನವರು ಕಂಪ್ಯೂಟರ್ ಕಲಿಯಲಿಲ್ಲ ಸರ್. ಅದೇ ತೊಂದರೆ ಆದದ್ದು."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ಡೊಂಕು ಮಾಡಿದವನೇ ನಾನು. ಹೇಳಿ ತಿರುಗಿದರೆ ಬಾಗಿಲಲ್ಲಿ ಮೈಮುನಕ್ಕ, ಹೇಗೋ ಹುಡುಕಿ ತೆಗೆದ ಎರಡು ಫೈಲು ಹಿಡಿದುಕೊಂಡು. ಫೈಲನ್ನು ಡಾಕ್ಟ್ರ ಮೇಜಿನ ಮೇಲೆ ಇಟ್ಟು ಹೋದರು. ನನಗೆ ನಾಚಿಕೆಯಾಯಿತೇ? ಆಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಅವರು ಯಾಕೆ ಆ ಹೊತ್ತಿಗೇ ಅಲ್ಲಿ ಬರಬೇಕಿತ್ತು ಎಂದು. ನೋಡಿ ಮನುಷ್ಯನ ಬುದ್ಧಿ.

ಆ ದಿನ ಮಧ್ಯಾಹ್ನ ಅವರೇ ನನ್ನ ಹತ್ತಿರ ಬಂದರು. "ಮೇನೇಜರ್ರೆ, ನನಗೆ ಈ ಕೆಲಸ ಬೇಕು. ನನಗೆ ಬೇರೆ ಎಂತದ್ದೂ ಬರುದಿಲ್ಲ, ಮನೆಯಲ್ಲಿ ಕೂತರೆ ಹುಚ್ಚು ಹಿಡಿದೀತು. ಕಲೀಲಿಕ್ಕೆ ಮನಸ್ಸು ಉಂಟು. ನಿಮ್ಮ ಕ್ಲಾಸು ಒಂದೂವರೆಗೆ. ಅದು ನಮಾಜಿನ ಹೊತ್ತು. ಅದು ಮುಗಿಸಿ ಬಂದರೆ ಬೆಳಿಗ್ಗೆಯ ಫೈಲು ಪೂರಾ ತಿರುಗಿ ಇಡಬೇಕು, ಇಲ್ಲದಿದ್ದರೆ ಮೂರು ಗಂಟೆಯ ಬಸ್ಸಿನವರಿಗೆ ಎಂತ ಮಾಡುದು? ಒಂದು ಮಾತು ಕೇಳಬಹುದಿತ್ತಲ್ಲ?"

ನಾನು "ನೋಡುವ, ನೋಡುವ" ಎಂದೆ. ನೋಡಿದ್ದು ನಾನಲ್ಲ, ಶಾಲಿನಿ ಟೀಚರ್. ಅವರು ದಿನಾ ಬಸ್ಸಿನಲ್ಲಿ ಓಡಾಡುವ ಹೆಂಗಸು, ಅವರಿಗೆ ವಿಷಯ ಅರ್ಧ ಗಂಟೆಯಲ್ಲಿ ಹೊಳೆಯಿತು. "ಕೀ ಕೊಡಿ ಸರ್" ಎಂದರು. ಯಾಕೆ ಎಂದೆ. "ಕೊಡಿ ನೀವು." ಒಂದು ಕಂಪ್ಯೂಟರನ್ನು ಎತ್ತಿಸಿ ಮೆಟ್ಟಿಲ ಕೆಳಗಿನ ಕೋಣೆಗೆ ಸಾಗಿಸಿದರು. ಗೋಡೆಯ ನೋಟೀಸನ್ನು ಕಿತ್ತು ಅದರ ಹಿಂಬದಿಯಲ್ಲೇ ಏನೋ ಲೆಕ್ಕಾಚಾರ ಬರೆದರು. "ಹಾಳಾದರೆ ಸರಿ ಮಾಡುವ, ಅದಕ್ಕೇ ನಾನು ಇರುದು" ಎಂದರು. ಮರುದಿನದಿಂದ ಅವರು ಬೆಳಿಗ್ಗೆ ಬೇಗದ ಬಸ್ಸಿನಲ್ಲಿ ಬಂದು ಮೈಮುನಕ್ಕನ ಪಕ್ಕ ಸ್ಟೂಲು ಹಾಕಿ ಕೂತರು. ಪಾಠ ಮಾಡಲಿಲ್ಲ. ಎರಡು ದಿನ ಬರೀ ನೋಡಿದರು. ಆಮೇಲೆ, "ನೀವು ಮೊದಲು ಎಂತ ಕೇಳುದು?" ಎಂದು ಕೇಳಿದರು.

"ಯಾವ ಬಸ್ಸು ಅಂತ."

"ಹಾಗಾದರೆ ಕಂಪ್ಯೂಟರಿನಲ್ಲಿಯೂ ಅದನ್ನೇ ಮೊದಲು ಕೇಳುವ."

ಮೊದಲು ಬಸ್ಸು, ಆಮೇಲೆ ಊರು, ಆಮೇಲೆ ಮನೆಯ ಹೆಸರು, ಕೊನೆಗೆ ನಂಬರು. ಟೀಚರ್ ಹಾಗೆ ಮಾಡಿಕೊಟ್ಟರು. ಮೈಮುನಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು, ತಪ್ಪಿದರೆ "ಅಲ್ಲಾ!" ಎಂದು ಕೈ ಎಳೆದುಕೊಳ್ಳುವುದು, ಇಬ್ಬರೂ ನಗುವುದು. ಆ ನಗು ಕೇಳಿ ಒಬ್ಬೊಬ್ಬರೇ ನರ್ಸುಗಳು ಇಳಿದು ಬಂದರು. ಚಪ್ಪಲಿ ಹಾಕಿಕೊಂಡೇ! ಅವರಿಗೆ ಮೌಸು ಹಿಡಿಯಲು ಕಲಿಸಿದ್ದು ಮೈಮುನಕ್ಕ. ಮೂರನೆಯ ವಾರಕ್ಕೆ ಎಂಟೂಕಾಲಿನ ಬಸ್ಸಿನವರ ಪಟ್ಟಿ ಪ್ರಿಂಟಾಗಿ ಬರತೊಡಗಿತು. ಆಮೇಲೆ ಅವರೇ ಇನ್ನೊಂದು ಹೊಸ ಯೋಚನೆ ತಂದರು. ತಿಂಗಳಿಗೊಮ್ಮೆ ಬರಬೇಕಾದ ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು ಬಾರದಿದ್ದರೆ, ಅವರ ಪಟ್ಟಿ ತೆಗೆದು ಅದೇ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸುವುದು. "ಮೈಮುನಕ್ಕ ನಿಮ್ಮನ್ನು ಕೇಳ್ತಿದ್ದರು" ಎಂದು ಕಂಡಕ್ಟರು ಹೇಳಿದರೆ ಮರುದಿನ ಅಜ್ಜಿಯಂದಿರು ಹಾಜರು. ನನ್ನ ನಂಬರಿನ ಕಪಾಟಿಗೂ ಏನೂ ತೊಂದರೆಯಾಗಲಿಲ್ಲ, ಅದು ಪಾಪ ತನ್ನ ಪಾಡಿಗೆ ಇತ್ತು.

ದೊಡ್ಡ ಡಾಕ್ಟ್ರಿಗೆ ಆನಂದವೋ ಆನಂದ. ಬೇರೆ ಆಸ್ಪತ್ರೆಯವರು ಬಂದು ನೋಡಿ ಹೋದರು. ಅವರಿಗೆ ತೋರಿಸುವಾಗ ಡಾಕ್ಟ್ರು ನನ್ನ ಬೆನ್ನು ತಟ್ಟಿ, "ನಮ್ಮ ಮ್ಯಾನೇಜರರ ಐಡಿಯಾ" ಎಂದರು. ನಾನು ಅಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ, ತಲೆ ತಗ್ಗಿಸಿ ನಕ್ಕೆ. ತಗ್ಗಿಸಿದ ತಲೆಗೆ ಎಷ್ಟು ಬೇಗ ಶಾಲು ಬೀಳುತ್ತದೆ ಎಂದು ಆಗ ಗೊತ್ತಾಯಿತು. ಬೆಳ್ತಂಗಡಿಯ ಭಾಷಣ ಆ ಶಾಲಿನದ್ದೇ. ಅಲ್ಲಿ ನಾನು 'ನಾವು ಯೋಚಿಸಿದೆವು, ನಾವು ಮಾಡಿದೆವು' ಎಂದೆ. ಆ 'ನಾವು' ಎಂಬುದರಲ್ಲಿ ಯಾರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಬಾಲ ಉದ್ದ ಉಂಟು ಎಂದೆನಲ್ಲ, ಅದು ಇಲ್ಲಿದೆ. ಆ ಮೂರು ತಿಂಗಳು ಮುಗಿದಾಗ ದೊಡ್ಡ ಡಾಕ್ಟ್ರು ದಾಖಲೆ ವಿಭಾಗಕ್ಕೆ ಒಬ್ಬರನ್ನು ಮೇಲ್ವಿಚಾರಕರಾಗಿ ಮಾಡಬೇಕೆಂದರು. ಆಸ್ಪತ್ರೆಗೆಲ್ಲ ಗೊತ್ತಿತ್ತು ಅದು ಯಾರಿಗೆ ಸಲ್ಲಬೇಕೆಂದು. ಮೈಮುನಕ್ಕನೂ ಆಸೆ ಇಟ್ಟುಕೊಂಡಿದ್ದರು. ಶಾಲಿನಿ ಟೀಚರ್ ಹತ್ತಿರ, "ಮೇಲ್ವಿಚಾರಕಿ ಆದರೆ ಬಾಗಿಲಿಗೆ ನನ್ನ ಹೆಸರಿನ ಬೋರ್ಡು ಹಾಕಿಸ್ತೇನೆ, ಮನೆಯವರನ್ನು ಕರೆದು ತೋರಿಸ್ಬೇಕು" ಎಂದಿದ್ದರಂತೆ. ಡಾಕ್ಟ್ರು ನನ್ನ ಎದುರಿಗೇ ಫೈಲು ತೆರೆದರು. ನನ್ನ ವರದಿ. "ಇವರಿಗೆ ಆಸಕ್ತಿ ಇಲ್ಲ ಅಂತ ನೀವೇ ಬರೆದಿದ್ದೀರಲ್ಲ?" ಎಂದರು.

ಒಂದು ವಾಕ್ಯ. 'ಅದು ನಾನು ವಿಚಾರಿಸದೆ ಬರೆದದ್ದು ಸರ್, ತಪ್ಪಾಯಿತು.' ಇಷ್ಟೇ ಹೇಳಬೇಕಿತ್ತು. ಹೇಳಿದರೆ ಶಾಲು? ಭಾಷಣ? ನನ್ನ ಬೆನ್ನಿನ ಮೇಲಿನ ಆ ತಟ್ಟು? "ಹೌದು ಸರ್, ಆಗ ಹಾಗೆ ಇತ್ತು" ಎಂದು ಗೊಣಗಿದೆ. ಡಾಕ್ಟ್ರು ಫೈಲು ಮುಚ್ಚಿದರು. ಹೊರಗಿನಿಂದ ಡಿಪ್ಲೊಮಾ ಆದ ಒಬ್ಬಳನ್ನು ಮೇಲ್ವಿಚಾರಕಿಯಾಗಿ ತಂದರು. ಒಳ್ಳೆಯ ಹುಡುಗಿ, ಅವಳ ತಪ್ಪೇನೂ ಇಲ್ಲ. ಬಸ್ಸುಗಳ ಹೆಸರು, ಊರು, ಮನೆ, ಎಲ್ಲವನ್ನೂ ಅವಳಿಗೆ ಪಕ್ಕದಲ್ಲಿ ಕೂತು ಕಲಿಸಿಕೊಟ್ಟವರು ಮೈಮುನಕ್ಕ. ಆಮೇಲೂ ಎಂಟೊಂಬತ್ತು ವರ್ಷ ಅವರು ಅಲ್ಲಿ ದುಡಿದರು. ದಿನಾ ಬೆಳಿಗ್ಗೆ ನನ್ನನ್ನು ಕಂಡರೆ "ಚಾ ಆಯ್ತಾ ಮೇನೇಜರ್ರೆ?" ಎನ್ನುತ್ತಿದ್ದರು. ನನಗೆ ಪ್ರತಿ ಸಲವೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ. ಬೇಗ ಬೇಗ ನಡೆದುಬಿಡುತ್ತಿದ್ದೆ. ಎಕ್ಸ್‌ಪ್ರೆಸ್ಸು ಅಲ್ಲವೇ?

ಇಷ್ಟು ನಿಮಗೆ ಹೇಳಿದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ಅವರು ಈಗ ಸಿದ್ಧಕಟ್ಟೆಯ ಹತ್ತಿರ ತಂಗಿಯ ಮನೆಯಲ್ಲಿ ಇದ್ದಾರೆಂದು ಕೇಳಿದ್ದೆ. ನಿನ್ನೆ, ಪೇಟೆಗೆ ಹೋಗಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಬಸ್ಸು ಹತ್ತಿದೆ. ಆ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಇಬ್ಬರು ಹೆಂಗಸರು ಮೊಬೈಲು ಹಿಡಿದು ಕೂತಿದ್ದರು, ಮೈಮುನಕ್ಕ ಕನ್ನಡಕ ಹಾಕಿಕೊಂಡು ಏನೋ ಅರ್ಜಿ ತುಂಬಿಕೊಡುತ್ತಿದ್ದರು. ನನ್ನನ್ನು ನೋಡಿ, "ಯಾ ಅಲ್ಲಾ, ಮೇನೇಜರ್ರು! ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದರು. ಕೂತೆ. ಶರಬತ್ತು ಬಂತು. ಹೆಂಗಸರು ಹೋಗುವವರೆಗೆ ಕಾದು, ಒಂದೇ ಉಸಿರಿಗೆ ಆ ವರದಿಯ ವಿಷಯ ಹೇಳಿದೆ. ಎರಡು ಶಬ್ದ, ಸಹಿ, ಡಾಕ್ಟ್ರ ಪ್ರಶ್ನೆ, ನನ್ನ ಗೊಣಗು, ಎಲ್ಲ. "ತಪ್ಪಾಯಿತು ಮೈಮುನಕ್ಕ" ಎಂದೆ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಅದು ನನಗೆ ಗೊತ್ತುಂಟು."

"ಗೊತ್ತುಂಟಾ? ಹೇಗೆ?"

"ಎಂತ ಕೇಳ್ತೀರಿ? ಡಾಕ್ಟ್ರ ಕೋಣೆಯ ಹಳೆ ಕಾಗದ ಎಲ್ಲ ನಮ್ಮ ಕೋಣೆಗೇ ಬರುದಲ್ವಾ? ಅದೇ ವರ್ಷ ಬಂತು. ಅಷ್ಟು ಇಂಗ್ಲಿಷ್ ನನಗೆ ಓದ್ಲಿಕ್ಕೆ ಬರ್ತದೆ. ಅದನ್ನು ಫೈಲು ಮಾಡಿ ಇಟ್ಟದ್ದು ನಾನೇ."

ಹರಿದು ಎಸೆಯಬಹುದಿತ್ತಲ್ಲ ಎಂದೆ, ದಡ್ಡನ ಹಾಗೆ. "ದಾಖಲೆ ಹರಿಯುದಾ?" ಎಂದು ಅವರು ನನ್ನನ್ನೇ ಗದರಿದರು. ಎಂಟೊಂಬತ್ತು ವರ್ಷ ದಿನಾ ಚಾ ಆಯ್ತಾ ಎಂದು ಕೇಳಿದವರು ಇದನ್ನು ಓದಿಕೊಂಡೇ ಕೇಳುತ್ತಿದ್ದರು ಎಂದು ಆಗ ಅರ್ಥವಾಯಿತು. ಲೋಟ ಕೆಳಗಿಡಲು ಹೋಗಿ ಶರಬತ್ತನ್ನು ಅಂಗಿಯ ಮೇಲೆ ಚೆಲ್ಲಿಕೊಂಡೆ.

ಹೊರಡುವಾಗ ವಿದ್ಯಾಳ ತರಬೇತಿಯ ವಿಷಯ ಹೇಳಿ, "ನಾನು ಮಾತಾಡುವುದು ಬೇಡ, ನೀವೇ ಬನ್ನಿ, ನೀವೇ ಹೇಳಿ" ಎಂದು ಬೇಡಿದೆ. ಅವರು ಒಪ್ಪಲಿಲ್ಲ. "ನನಗೆ ಮೈಕು ಎಲ್ಲ ಬೋಡ್ಚಿ, ಬೇಡವೇ ಬೇಡ. ನೀವು ಚಂದ ಹೇಳ್ತೀರಂತೆ, ಜನ ನಗ್ತಾರಂತೆ, ನನಗೂ ಸುದ್ದಿ ಬರ್ತದೆ. ನೀವೇ ಹೇಳಿ." ಅಂಗಳದವರೆಗೆ ಬಂದು ನಿಂತರು. "ಹೇಳುವಾಗ ನನ್ನ ಹೆಸರು ಹೇಳಿ. ಅಷ್ಟು ಸಾಕು ನನಗೆ."

ನಿನ್ನೆಯೇ ವಿದ್ಯಾಳಿಗೆ ಫೋನು ಮಾಡಿದೆ. ಹಟ ಹಿಡಿದು ಕೂತವರು ಯಾರು ಎಂದು ಕೇಳಿದೆ. ಇಬ್ಬರ ಹೆಸರು ಹೇಳಿದಳು. ಯಾಕೆ ಬರುವುದಿಲ್ಲವಂತೆ ಎಂದೆ. "ಆಸಕ್ತಿ ಇಲ್ಲ ಮಾವ, ಮತ್ತೆ ಎಂತ?" ಎಂದಳು. ನನಗೆ ಮೈಯೆಲ್ಲ ಉರಿಯಿತು. "ಕೇಳಿದ್ದೀಯಾ? ಅವರ ಮೇಜಿನ ಹತ್ತಿರ ಹೋಗಿ ಕೇಳಿದ್ದೀಯಾ?" ಎಂದು ಜೋರು ಮಾಡಿದೆ. ಇಲ್ಲ ಎಂದಳು. "ನಾನು ಬರುವ ಮೊದಲು ಕೇಳು. ಕೇಳದಿದ್ದರೆ ನಾನು ಬರುವುದಿಲ್ಲ" ಎಂದು ಫೋನು ಇಟ್ಟೆ. ಸ್ವಲ್ಪ ಒರಟಾಯಿತೋ ಏನೋ.

ಇವತ್ತು ಶುಕ್ರವಾರ. ಬೆಳಿಗ್ಗೆಯಿಂದ ನಾಳೆಯ ಮಾತನ್ನು ಬರೆಯಲು ಕೂತಿದ್ದೇನೆ. ಏಳು ಸಲ ಎದ್ದೆ. ಹಳೆಯ ಭಾಷಣ ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ನಗಿಸುವ ಜಾಗಗಳೆಲ್ಲ ಈಗ ಬೇರೆಯೇ ಆಗಿ ಕಾಣುತ್ತವೆ. ಆಗಿರುವುದು ಎರಡು ಸಾಲು. 'ಬಸ್ಸಿನ ಪ್ರಕಾರ ದಾಖಲೆ ಹುಡುಕುವ ಕ್ರಮವನ್ನು ಕಂಡುಹಿಡಿದವರ ಹೆಸರು ಮೈಮುನಾ. ಅವರಿಗೆ ಆಸಕ್ತಿ ಇಲ್ಲ ಎಂದು ಸುಳ್ಳು ವರದಿ ಬರೆದವನು ನಾನು.'

ಸರಿಯಾಗಿ ಕೇಳಿಸುತ್ತದೋ ಎಂದು ನಿಂತುಕೊಂಡು ಗಟ್ಟಿಯಾಗಿ ಓದಿದೆ. ಈ ಬಸ್ಸಿನ ಕತೆಯನ್ನು ನನ್ನ ಬಾಯಿಯಿಂದ ನೂರು ಸಲವಾದರೂ ಕೇಳಿದ ನನ್ನ ಹೆಂಡತಿ, ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಮೈಮುನಾ ಅಂದ್ರೆ ಯಾರು?" ಎಂದು ಕೇಳಿದಳು.